ಇನ್ನೊಬ್ಬರ ಗಾಯವನ್ನು ತೋರಿಸುವ ಹಕ್ಕು ಯಾರದು?

ಸತ್ಯವನ್ನೇ ಹೇಳಬೇಕೆಂದು ನಾವು ನಮ್ಮ ಮಕ್ಕಳಿಗೆ ಕಲಿಸುತ್ತೇವೆ. ನೆರೆಯವರ ಮಾನವನ್ನು ಕಾಪಾಡಬೇಕೆಂದೂ ಕಲಿಸುತ್ತೇವೆ. ಸಾಮಾನ್ಯ ದಿನಗಳಲ್ಲಿ ಈ ಎರಡು ಪಾಠಗಳು ಅಕ್ಕತಂಗಿಯರಂತೆ ಒಂದೇ ಮನೆಯಲ್ಲಿ ಬಾಳುತ್ತವೆ. ಆದರೆ ಕೆಲವೊಮ್ಮೆ ಅವು ಎದುರುಬದುರಾಗಿ ನಿಲ್ಲುತ್ತವೆ. ಒಬ್ಬ ಮನುಷ್ಯ ಕುಡಿತಕ್ಕೆ ಬಲಿಯಾಗಿ ತನ್ನದೆಂಬುದೆಲ್ಲವನ್ನೂ ಕಳೆದುಕೊಂಡಿದ್ದಾನೆ, ಅದು ನಿಜ. ಆ ನಿಜವನ್ನು ನಾಲ್ಕು ಜನರ ಮುಂದೆ ಇಡುವ ಹಕ್ಕು ನನಗಿದೆಯೇ? ನಾಲ್ವರ ಮುಂದಲ್ಲ, ಇಡೀ ಲೋಕದ ಮುಂದೆಯೇ ಇಟ್ಟರೆ? ಅದನ್ನು ಬಹಳ ಸುಂದರವಾಗಿ, ಕಣ್ಣಲ್ಲಿ ನೀರು ಬರುವಂತೆ ಇಟ್ಟರೆ? ಆ ಸೌಂದರ್ಯಕ್ಕೆ ನನಗೆ ಪ್ರಶಸ್ತಿಯೂ ದೊರೆತರೆ?

ಇದು ಊಹೆಯ ಪ್ರಶ್ನೆಯಲ್ಲ. 2004ರಲ್ಲಿ ಕೆನಡಾ ದೇಶದ ಹದಿನಾಲ್ಕು ನಿಮಿಷಗಳ ಒಂದು ಕಿರುಚಿತ್ರ ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಿತು. ಆ ಚಿತ್ರದ ಹೆಸರು 'ರಯಾನ್'. ಅದು ಕಂಪ್ಯೂಟರಿನಲ್ಲಿ ರಚಿತವಾದ ಅನಿಮೇಷನ್ ಚಿತ್ರ. ಕಾರ್ಟೂನು ಎಂದರೆ ಮಕ್ಕಳ ಆಟ, ಬೆಕ್ಕು ಇಲಿಗಳ ಓಡಾಟ ಎಂದು ತಿಳಿದಿರುವ ನಮ್ಮಲ್ಲಿ ಅನೇಕರಿಗೆ ಇಂಥ ಗಂಭೀರ ಪ್ರಶ್ನೆ ಅಲ್ಲಿಂದ ಬಂದೀತೆಂಬುದೇ ಆಶ್ಚರ್ಯ. ಆದ್ದರಿಂದ ಮೊದಲು ಆ ಚಿತ್ರ ಬಂದ ದಾರಿಯನ್ನು ತಿಳಿದುಕೊಳ್ಳೋಣ.

ಎರಡು ದೀಪಗಳ ಕಥೆ

ಕಂಪ್ಯೂಟರಿನ ಮೂಲಕ ಚಿತ್ರಗಳನ್ನು ರಚಿಸುವ ವಿಜ್ಞಾನಿಗಳು ಮತ್ತು ಕಲಾವಿದರು ವರ್ಷಕ್ಕೊಮ್ಮೆ ಸೇರುವ ದೊಡ್ಡ ಸಮ್ಮೇಳನವೊಂದಿದೆ. ಅದರ ಹೆಸರು ಸಿಗ್‌ಗ್ರಾಫ್. ಮೊದಲ ಸಮ್ಮೇಳನ ನಡೆದದ್ದು 1974ರಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ನಗರದಲ್ಲಿ. ಅಲ್ಲಿ ಪ್ರಬಂಧಗಳ ಮಂಡನೆಯ ಜೊತೆಗೆ ಚಲನಚಿತ್ರಗಳ ಪ್ರದರ್ಶನವೂ ಇರುತ್ತದೆ. ಲೋಕದ ನಾನಾ ಕಡೆಗಳಿಂದ ಬಂದ ಚಿತ್ರಗಳಲ್ಲಿ ಉತ್ತಮವಾದವುಗಳನ್ನು ತೀರ್ಪುಗಾರರು ಆರಿಸಿ ಪ್ರಶಸ್ತಿ ನೀಡುತ್ತಾರೆ.

1986ರಲ್ಲಿ ಡಲ್ಲಾಸ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಜಾನ್ ಲ್ಯಾಸೆಟರ್ ಅವರ 'ಲಕ್ಸೊ ಜೂನಿಯರ್' ಎಂಬ ಎರಡು ನಿಮಿಷಗಳ ಚಿತ್ರವನ್ನು ತೋರಿಸಲಾಯಿತು. ಅದರಲ್ಲಿರುವುದು ಮೇಜಿನ ಮೇಲಿಡುವ ಎರಡು ದೀಪಗಳು ಮಾತ್ರ. ದೊಡ್ಡ ದೀಪವೊಂದು, ಚಿಕ್ಕ ದೀಪವೊಂದು. ಚಿಕ್ಕದು ಚೆಂಡಿನೊಡನೆ ಆಡುತ್ತದೆ, ಅದರ ಮೇಲೆ ಕುಪ್ಪಳಿಸಿ ಅದನ್ನು ಒಡೆದುಬಿಡುತ್ತದೆ, ತಲೆ ತಗ್ಗಿಸುತ್ತದೆ. ದೊಡ್ಡದು ನೋಡುತ್ತ ನಿಲ್ಲುತ್ತದೆ. ಪ್ರದರ್ಶನ ಮುಗಿದ ಮೇಲೆ ಕಂಪ್ಯೂಟರ್ ಚಿತ್ರವಿಜ್ಞಾನದಲ್ಲಿ ಹೆಸರಾದ ಜಿಮ್ ಬ್ಲಿನ್ ಅವರು ಲ್ಯಾಸೆಟರ್ ಅವರ ಬಳಿಗೆ ಬಂದರು. ನೆರಳು ಮೂಡಿಸಿದ ಗಣಿತದ ಬಗ್ಗೆ ಏನೋ ಕಠಿಣ ಪ್ರಶ್ನೆ ಬರುತ್ತದೆಂದು ಲ್ಯಾಸೆಟರ್ ಅಳುಕಿದರಂತೆ. ಬ್ಲಿನ್ ಕೇಳಿದ್ದು ಬೇರೆಯೇ: ಆ ದೊಡ್ಡ ದೀಪ ತಾಯಿಯೋ, ತಂದೆಯೋ?

ಈ ಚಿಕ್ಕ ಪ್ರಸಂಗದಲ್ಲಿ ಒಂದು ದೊಡ್ಡ ಮಾತಿದೆ. ಯಂತ್ರವನ್ನು ಚೆನ್ನಾಗಿ ಬಲ್ಲವರೇ ತುಂಬಿದ್ದ ಸಭೆಯಲ್ಲಿ, ಯಂತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೊಬ್ಬರು ಯಂತ್ರದ ಬಗ್ಗೆ ಕೇಳದೆ ಸಂಬಂಧದ ಬಗ್ಗೆ ಕೇಳಿದರು. ಮಾಧ್ಯಮ ಯಾವುದೇ ಇರಲಿ, ಮನುಷ್ಯನು ಅದರಲ್ಲಿ ಮನುಷ್ಯನನ್ನೇ ಹುಡುಕುತ್ತಾನೆ.

ಈ ಕಲೆಯ ಕ್ರಮವನ್ನೂ ಸ್ವಲ್ಪ ಅರಿಯಬೇಕು. ನಮ್ಮ ಪ್ರಶ್ನೆಗೆ ಅದು ಅಗತ್ಯ. ಮೊದಲು ಕಂಪ್ಯೂಟರಿನೊಳಗೆ ತಂತಿಬಲೆಯಂಥ ಒಂದು ಆಕಾರವನ್ನು ಕಟ್ಟುತ್ತಾರೆ. ಅದರೊಳಗೆ ಕೀಲುಗಳುಳ್ಳ ಒಂದು ಹಂದರವನ್ನು ಇರಿಸುತ್ತಾರೆ. ಮೇಲೆ ಚರ್ಮ, ಕೂದಲು, ಬಟ್ಟೆಗಳ ಬಣ್ಣವನ್ನು ಹೊದಿಸುತ್ತಾರೆ. ಬೆಳಕು ಎಲ್ಲಿಂದ ಬರಬೇಕು, ಎಲ್ಲಿ ಬೀಳಬೇಕು, ನೆರಳು ಎಷ್ಟು ಉದ್ದವಿರಬೇಕು ಎಂಬುದನ್ನು ನಿರ್ಧರಿಸುತ್ತಾರೆ. ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಹದಿನಾಲ್ಕು ನಿಮಿಷಕ್ಕೆ 20,000ಕ್ಕೂ ಹೆಚ್ಚು ಚಿತ್ರಗಳು ಬೇಕು. ಸಾಮಾನ್ಯ ಕ್ಯಾಮೆರಾ ತನ್ನ ಮುಂದೆ ಇದ್ದುದನ್ನು ಹಿಡಿಯುತ್ತದೆ. ಬೇಡದ್ದೂ ಅದರಲ್ಲಿ ಬಂದು ಸೇರಬಹುದು. ಇಲ್ಲಿ ಹಾಗಿಲ್ಲ. ಕೆನ್ನೆಯ ಮೇಲಿನ ಒಂದು ಸುಕ್ಕು ಕೂಡ ಯಾರೋ ಒಬ್ಬರು ಬೇಕೆಂದು ಇಟ್ಟದ್ದು. ಅಕಸ್ಮಾತ್ತಾಗಿ ಕಂಡಿತು ಎಂಬ ನೆಪಕ್ಕೆ ಇಲ್ಲಿ ಅವಕಾಶವಿಲ್ಲ. ಆದ್ದರಿಂದ ತೋರಿಸಿದ ಪ್ರತಿಯೊಂದು ಗಾಯಕ್ಕೂ ತೋರಿಸಿದವರೇ ಹೊಣೆ.

ಮುರಿದ ಮುಖ

ರಯಾನ್ ಲಾರ್ಕಿನ್ ಅವರು 1943ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಜನಿಸಿದರು. ಯೌವನದಲ್ಲಿಯೇ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯನ್ನು ಸೇರಿ, ಅನಿಮೇಷನ್ ಕಲೆಯ ಮಹಾಗುರು ನಾರ್ಮನ್ ಮೆಕ್‌ಲಾರೆನ್ ಅವರ ಆಶ್ರಯದಲ್ಲಿ ಬೆಳೆದರು. 1968ರಲ್ಲಿ ಅವರು ಮಾಡಿದ 'ವಾಕಿಂಗ್' ಎಂಬ ಚಿತ್ರ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. 1972ರಲ್ಲಿ 'ಸ್ಟ್ರೀಟ್ ಮ್ಯೂಸಿಕ್' ಬಂದಿತು. ಮೂವತ್ತು ವರ್ಷ ತುಂಬುವುದರೊಳಗೆ ತನ್ನ ಕ್ಷೇತ್ರದಲ್ಲಿ ಅವರು ಹೆಸರಾಗಿದ್ದರು. ಆಮೇಲೆ ಕೊಕೇನ್ ಬಂದಿತು, ಮದ್ಯ ಬಂದಿತು. ಕೈ ಚಿತ್ರ ಬಿಡಿಸುವುದನ್ನು ನಿಲ್ಲಿಸಿತು. ಕೆಲಸ ಹೋಯಿತು, ಹಣ ಹೋಯಿತು, ಮನೆ ಹೋಯಿತು. ಒಂದು ಕಾಲಕ್ಕೆ ಸನ್ಮಾನಿತರಾಗಿದ್ದ ಆ ಕಲಾವಿದರು ಮಾಂಟ್ರಿಯಲ್ಲಿನ ನಿರಾಶ್ರಿತರ ಆಶ್ರಯಧಾಮದಲ್ಲಿ ಮಲಗುತ್ತ, ಬೀದಿಯಲ್ಲಿ ನಿಂತು ಹೋಗುವ ಬರುವವರ ಮುಂದೆ ಕೈಚಾಚುತ್ತ ದಿನ ಕಳೆಯುವಂತಾಯಿತು.

2000ದಲ್ಲಿ ಒಟ್ಟಾವ ನಗರದ ಅನಿಮೇಷನ್ ಉತ್ಸವದಲ್ಲಿ ಕ್ರಿಸ್ ಲ್ಯಾಂಡ್ರೆತ್ ಎಂಬ ಕಲಾವಿದರು ಅವರನ್ನು ಭೇಟಿಯಾದರು. ಲ್ಯಾಂಡ್ರೆತ್ ಅವರೂ ಒಮ್ಮೆ ಆಸ್ಕರ್‌ಗೆ ನಾಮನಿರ್ದೇಶನಗೊಂಡವರು, ಕಂಪ್ಯೂಟರ್ ಅನಿಮೇಷನ್‌ನಲ್ಲಿ ಪಳಗಿದವರು. ಲಾರ್ಕಿನ್ ಅವರೊಡನೆ ಮಾತನಾಡಿ, ಆ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ಆ ಧ್ವನಿಯ ಮೇಲೆ ಚಿತ್ರವನ್ನು ಕಟ್ಟಿದರು. ಹೀಗಾಗಿ 'ರಯಾನ್' ಚಿತ್ರದಲ್ಲಿ ಕೇಳುವ ದನಿ ನಿಜವಾದ ಲಾರ್ಕಿನ್ ಅವರದು. ಕಾಣುವ ದೇಹ ಮಾತ್ರ ಕಂಪ್ಯೂಟರಿನಲ್ಲಿ ಕಟ್ಟಿದ್ದು.

ಆ ದೇಹ ಹೇಗಿದೆ? ಮುಖದ ಬಹುಭಾಗವೇ ಇಲ್ಲ. ಒಡೆದ ಮಡಕೆಯ ಚೂರಿನಂತೆ ಒಂದಿಷ್ಟು ಹಣೆ, ಕನ್ನಡಕ, ಕಣ್ಣು, ಬಾಯಿ ಉಳಿದಿವೆ. ತಲೆಯ ಹಿಂಭಾಗ ಖಾಲಿ. ತೋಳುಗಳು ಕಡ್ಡಿಯಂತಿವೆ. ಒಳಗೆ ಮುರಿದದ್ದೆಲ್ಲ ಹೊರಗೆ ಮುರಿದು ಕಾಣುತ್ತದೆ. ಮನಸ್ಸಿನ ಸ್ಥಿತಿಯನ್ನು ದೇಹದ ಮೇಲೆ ಬರೆಯುವ ಈ ರೀತಿಯನ್ನು ಲ್ಯಾಂಡ್ರೆತ್ ಅವರು ಮನೋವಾಸ್ತವ ಎಂಬರ್ಥದ ಹೆಸರಿನಿಂದ ಕರೆದರು. ಸುತ್ತಲಿನ ಕೋಣೆ ಕೂಡ ನೆಟ್ಟಗಿಲ್ಲ. ಟೊರೊಂಟೊ ವಿಶ್ವವಿದ್ಯಾನಿಲಯದ ಕರಣ್ ಸಿಂಗ್ ಅವರ ಸಂಶೋಧನೆಯ ನೆರವಿನಿಂದ ಗೋಡೆ, ಮೇಜು, ನೆಲಗಳನ್ನು ಒಂದೇ ನೇರ ದೃಷ್ಟಿಯಲ್ಲಿ ತೋರಿಸದೆ ಬಾಗಿಸಿ ತಿರುಚಿ ತೋರಿಸಲಾಗಿದೆ. ದುಃಖದಲ್ಲಿರುವವನಿಗೆ ಕೋಣೆ ಹೇಗೆ ಕಾಣುತ್ತದೆಯೋ ಹಾಗೆ.

ಇಷ್ಟೇ ಆಗಿದ್ದರೆ ಇದು ಒಬ್ಬ ಬಡವನ ಅವಮಾನವನ್ನು ವಿಚಿತ್ರ ರೂಪದಲ್ಲಿ ಪ್ರದರ್ಶಿಸಿದಂತಾಗುತ್ತಿತ್ತು. ಆದರೆ ಚಿತ್ರದಲ್ಲಿ ಇನ್ನೂ ಎರಡು ವಿಷಯಗಳಿವೆ. ಮೊದಲನೆಯದು, ಚಿತ್ರ ಆರಂಭವಾಗುವುದು ಲಾರ್ಕಿನ್ ಅವರಿಂದಲ್ಲ. ಲ್ಯಾಂಡ್ರೆತ್ ಅವರೇ ಕನ್ನಡಿಯ ಮುಂದೆ ನಿಂತಿರುತ್ತಾರೆ. ಅವರ ಮುಖದಲ್ಲಿಯೂ ಹಳ್ಳಗಳಿವೆ, ಸೀಳುಗಳಿವೆ. ಈ ಗಾಯ ಇಂಥ ಸೋಲಿನದು ಎಂದು ತಮ್ಮ ಗಾಯಗಳನ್ನು ತಾವೇ ಮೊದಲು ತೋರಿಸಿದ ನಂತರವೇ ಅವರು ಇನ್ನೊಬ್ಬರ ಕಡೆಗೆ ತಿರುಗುತ್ತಾರೆ. ಎರಡನೆಯದು, ಲಾರ್ಕಿನ್ ಅವರು ತಮ್ಮ ಒಳ್ಳೆಯ ದಿನಗಳನ್ನು ನೆನೆಯುವಾಗ ಆ ಮುರಿದ ದೇಹಕ್ಕೆ ಯೌವನದ ಪೂರ್ಣರೂಪ ಮರಳುತ್ತದೆ. ಅವರೇ ಹಿಂದೆ ಬಿಡಿಸಿದ ಚಿತ್ರಗಳು ಅವರ ಸುತ್ತ ಕುಣಿಯುತ್ತವೆ. ಈ ಮನುಷ್ಯ ಕೇವಲ ಇಂದಿನ ಈ ಅವಶೇಷವಲ್ಲ ಎಂದು ಚಿತ್ರ ಹೇಳುತ್ತದೆ.

ತಲೆಯ ಮೇಲಿನ ಪ್ರಭಾವಳಯ

ಚಿತ್ರದ ಹೃದಯವಿರುವುದು ಒಂದು ಚಿಕ್ಕ ಘಟನೆಯಲ್ಲಿ. ಇಬ್ಬರೂ ಎದುರುಬದುರಾಗಿ ಕುಳಿತಿದ್ದಾರೆ. ಲ್ಯಾಂಡ್ರೆತ್ ಅವರು ಮೆಲ್ಲನೆ ಕುಡಿತದ ವಿಷಯವನ್ನು ಎತ್ತುತ್ತಾರೆ. ನೀವು ಇನ್ನೂ ಕೆಲಸ ಮಾಡಬಲ್ಲಿರಿ, ಇದನ್ನು ಬಿಡಬಾರದೇಕೆ ಎಂಬ ಧಾಟಿಯ ಮಾತು. ಆ ಮಾತನ್ನು ಆಡುತ್ತಿರುವಾಗ ಅವರ ತಲೆಯ ಸುತ್ತ ಒಂದು ಪ್ರಭಾವಳಯ ಬೆಳಗತೊಡಗುತ್ತದೆ. ನಮ್ಮ ದೇವಾಲಯಗಳಲ್ಲಿ ಸಂತರ ಸ್ವರೂಪಗಳ ಹಿಂದೆ ನಾವು ಕಾಣುವಂಥದು. ಆದರೆ ಅಂಗಡಿಯ ಬೋರ್ಡಿನ ನಿಯಾನ್ ದೀಪದ ಹೊಳಪಿನದು. ಕೇಳಿಸಿಕೊಂಡ ಲಾರ್ಕಿನ್ ಅವರು ಸಿಡಿದೇಳುತ್ತಾರೆ. ಅವರ ಕೋಪದ ಮುಂದೆ ಆ ವಳಯ ಒಡೆದು ಹೋಗುತ್ತದೆ.

ಈ ದೃಶ್ಯವನ್ನು ಒಬ್ಬ ಗುರುವಾಗಿ ನಾನು ಸುಲಭವಾಗಿ ದಾಟಿಹೋಗಲಾರೆ. ಕುಡಿತ ಬಿಡೆಂದು ಹೇಳುವುದು ನಮ್ಮ ಕರ್ತವ್ಯವೇ ಹೌದು. ಹೇಳಿದ ಮಾತು ಸತ್ಯವೂ ಹೌದು, ಹಿತವೂ ಹೌದು. ಆದರೂ ಅದು ಗಾಯವಾಯಿತು. ಏಕೆ? ಮಾತಿನಲ್ಲಿ ತಪ್ಪಿರಲಿಲ್ಲ, ಮಾತಾಡಿದವರು ನಿಂತ ಎತ್ತರದಲ್ಲಿ ತಪ್ಪಿತ್ತು. ಮೇಲಿನಿಂದ ಕೆಳಕ್ಕೆ ಚಾಚಿದ ಕೈ ಹಿಡಿಯುವವನಿಗೆ ತಾನು ಎಷ್ಟು ಕೆಳಗಿದ್ದೇನೆ ಎಂಬುದನ್ನೇ ಮೊದಲು ತಿಳಿಸುತ್ತದೆ. ಎಲ್ಲವನ್ನೂ ಕಳೆದುಕೊಂಡವನ ಬಳಿ ಕೊನೆಗೆ ಉಳಿದಿರುವುದು ತನ್ನ ಬದುಕಿನ ಬಗ್ಗೆ ತಾನೇ ಮಾತನಾಡುವ ಅಧಿಕಾರ ಒಂದೇ. ಸಹಾಯ ಮಾಡಲು ಬಂದವನು ಅದನ್ನೂ ಕಸಿದುಕೊಂಡರೆ ಅವನು ಸಿಟ್ಟಾಗದೆ ಇನ್ನೇನು ಮಾಡಿಯಾನು?

ಲ್ಯಾಂಡ್ರೆತ್ ಅವರ ಪ್ರಾಮಾಣಿಕತೆ ಇರುವುದು ಇಲ್ಲಿಯೇ. ಆ ವಳಯವನ್ನು ತಮ್ಮ ತಲೆಯ ಮೇಲೆ ಇಟ್ಟವರು ಅವರೇ. ಹಿಂದೆ ಹೇಳಿದಂತೆ, ಈ ಕಲೆಯಲ್ಲಿ ಯಾವುದೂ ಅಕಸ್ಮಾತ್ತಲ್ಲ. ತಮ್ಮ ಸದುದ್ದೇಶದಲ್ಲಿದ್ದ ಅಹಂಕಾರವನ್ನು ಕಂಡು, ಅದಕ್ಕೆ ರೂಪ ಕೊಟ್ಟು, ಅದು ಒಡೆಯುವುದನ್ನೂ ಲೋಕಕ್ಕೆ ತೋರಿಸಿದರು. ಮುಂದುವರಿದು, ಲಾರ್ಕಿನ್ ಅವರ ಕುಡಿತ ತಮ್ಮನ್ನು ಇಷ್ಟು ಕಲಕಿದ್ದು ಏಕೆಂಬುದನ್ನೂ ಹೇಳುತ್ತಾರೆ: ಅವರ ತಾಯಿ ಬಾರ್ಬರಾ ಅವರೂ ಮದ್ಯವ್ಯಸನಕ್ಕೆ ಬಲಿಯಾದವರು. ಉಪದೇಶದ ಹಿಂದೆ ಒಬ್ಬ ಮಗನ ಹಳೆಯ ನೋವಿತ್ತು. ಅದನ್ನು ಮರೆಮಾಡಿ ಉಪದೇಶವನ್ನು ಮಾತ್ರ ಆಡಿದಾಗ ವಳಯ ಬೆಳಗಿತು. ನೋವನ್ನು ಹೊರಗಿಟ್ಟಾಗ ಇಬ್ಬರೂ ಒಂದೇ ನೆಲದ ಮೇಲೆ ಬಂದು ನಿಂತರು.

ಪ್ರಶಸ್ತಿ ಒಬ್ಬರಿಗೆ, ಋಣ ಯಾರಿಗೆ?

2004ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಸಿಗ್‌ಗ್ರಾಫ್ ಉತ್ಸವದಲ್ಲಿ 'ರಯಾನ್' ಚಿತ್ರಕ್ಕೆ ತೀರ್ಪುಗಾರರ ವಿಶೇಷ ಗೌರವ ದೊರೆಯಿತು. 2005ರ ಫೆಬ್ರವರಿಯಲ್ಲಿ ಅದು ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಚಿತ್ರದ ಕೊನೆಯಲ್ಲಾದರೋ ಲಾರ್ಕಿನ್ ಅವರು ಮಾಂಟ್ರಿಯಲ್ಲಿನ ಬೀದಿಯಲ್ಲಿ ನಿಂತು ಚಿಲ್ಲರೆ ಕಾಸಿಗಾಗಿ ಕೈಚಾಚುತ್ತಿದ್ದಾರೆ. ಲ್ಯಾಂಡ್ರೆತ್ ಅವರು ಬೀದಿಯ ಆಚೆ ಬದಿಯಲ್ಲಿ ನಿಂತು ನೋಡುತ್ತಿದ್ದಾರೆ.

ಇಲ್ಲಿ ಆತ್ಮಸಾಕ್ಷಿ ಮತ್ತೆ ಎಚ್ಚರಗೊಳ್ಳುತ್ತದೆ. ಒಬ್ಬರ ಪತನದಿಂದ ಇನ್ನೊಬ್ಬರಿಗೆ ಕೀರ್ತಿ ಬಂದಿತಲ್ಲವೇ? ಲಾರ್ಕಿನ್ ಅವರು ಮಾತನಾಡಲು ಒಪ್ಪಿದ್ದರು ಎಂಬುದು ನಿಜ. ಆದರೆ ಬಹುಕಾಲ ಯಾರೂ ತಿರುಗಿ ನೋಡದೆ ಇದ್ದ ಮನುಷ್ಯನ ಬಳಿಗೆ ಒಬ್ಬರು ಬಂದು ನಿಮ್ಮ ಕಥೆ ಹೇಳಿ ಎಂದಾಗ, ಅವನು ಕೊಡುವ ಒಪ್ಪಿಗೆ ಎಷ್ಟು ಸ್ವತಂತ್ರವಾದದ್ದು? ಮುಗಿದ ಚಿತ್ರವನ್ನು ನೋಡಿ ಲಾರ್ಕಿನ್ ಅವರು ಕಸಿವಿಸಿಗೊಂಡದ್ದು ಅದೇ ವರ್ಷ ಬಂದ 'ಆಲ್ಟರ್ ಈಗೋಸ್' ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಅಸ್ಥಿಪಂಜರದಂಥ ತಮ್ಮ ರೂಪ ಅವರಿಗೆ ಹಿಡಿಸಲಿಲ್ಲ. ಯಾರಿಗೆ ತಾನೇ ಹಿಡಿಸೀತು?

ನಮ್ಮ ಧರ್ಮಸಭೆಯ ನೀತಿಬೋಧೆ ಇಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುತ್ತದೆ. ಒಬ್ಬರ ಮೇಲೆ ಸುಳ್ಳು ದೋಷವನ್ನು ಹೊರಿಸುವುದು ಒಂದು ಪಾಪ. ನಿಜವಾಗಿಯೂ ಇರುವ ದೋಷವನ್ನು, ತಕ್ಕ ಕಾರಣವಿಲ್ಲದೆ, ತಿಳಿಯದವರಿಗೆ ತಿಳಿಸುವುದು ಇನ್ನೊಂದು ಪಾಪ. ಎರಡನೆಯದು ಪಾಪವೆಂದೇ ನಮಗೆ ಅನ್ನಿಸುವುದಿಲ್ಲ. 'ನಾನೇನು ಸುಳ್ಳು ಹೇಳಿದೆನೇ? ಇದ್ದದ್ದನ್ನೇ ಹೇಳಿದೆ' ಎಂದು ತಲೆಯೆತ್ತಿ ನಡೆಯುತ್ತೇವೆ. ಆದರೆ ಸತ್ಯವೆಂಬ ಒಂದೇ ಕಾರಣದಿಂದ ಮಾತು ನಿರ್ದೋಷಿಯಾಗುವುದಿಲ್ಲ. ಕುಡಿದು ಮೈಮೇಲೆ ಬಟ್ಟೆಯಿಲ್ಲದೆ ಮಲಗಿದ್ದ ನೋಹನ ಕಥೆಯನ್ನು ನಾವೆಲ್ಲರೂ ಬಲ್ಲೆವು. ಒಬ್ಬ ಮಗ ಕಂಡದ್ದನ್ನು ಹೊರಗೆ ಹೋಗಿ ಹೇಳಿದ. ಇನ್ನಿಬ್ಬರು ಮುಖ ತಿರುಗಿಸಿ ಹಿಮ್ಮೆಟ್ಟುತ್ತ ಬಂದು ತಂದೆಯ ಮೈಮೇಲೆ ವಸ್ತ್ರ ಹೊದಿಸಿದರು. ಮೊದಲನೆಯವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಹಾಗಾದರೆ ಲ್ಯಾಂಡ್ರೆತ್ ಅವರು ಆ ಮಕ್ಕಳಲ್ಲಿ ಯಾರಂತೆ? ನಾನು ಈ ಪ್ರಶ್ನೆಯನ್ನು ಬಹಳ ಯೋಚಿಸಿದ್ದೇನೆ. ಅವರು ವಸ್ತ್ರ ಹೊದಿಸಲಿಲ್ಲ, ನಿಜ. ಆದರೆ ಹೊರಗೆ ನಿಂತು ಬೆರಳು ಮಾಡಿ ತೋರಿಸಲೂ ಇಲ್ಲ. ಅವರು ಒಳಗೆ ಹೋಗಿ ಪಕ್ಕದಲ್ಲಿ ಕುಳಿತರು. ತಮ್ಮ ಮೈಮೇಲಿನ ವಸ್ತ್ರವನ್ನೂ ತೆಗೆದರು. ಮಂದಿಯ ಮುಂದೆ ಬಿದ್ದಿರುವುದು ಅವನೊಬ್ಬನಲ್ಲ, ನಾವಿಬ್ಬರು ಎಂದರು. ಅವರ ಕೃತ್ಯವನ್ನು ಅಪಮಾನದಿಂದ ಬೇರ್ಪಡಿಸುವುದು ಇದೇ. ಮರೆತುಹೋಗಿದ್ದ ಹೆಸರು ಮತ್ತೆ ಜನರ ನಾಲಗೆಯ ಮೇಲೆ ಬಂದದ್ದು ಕೂಡ ಚಿಕ್ಕ ಸಂಗತಿಯಲ್ಲ. ಲಾರ್ಕಿನ್ ಅವರ ಹಳೆಯ ಚಿತ್ರಗಳನ್ನು ಜನ ಹುಡುಕಿ ನೋಡಿದರು. ಅವರೂ ಮತ್ತೆ ಚಿತ್ರ ಬಿಡಿಸಲು ಕೈಹಾಕಿದರು. 2007ರ ಫೆಬ್ರವರಿಯಲ್ಲಿ ಕ್ಯಾನ್ಸರಿನಿಂದ ತಮ್ಮ 63ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೈಯಲ್ಲಿದ್ದ 'ಸ್ಪೇರ್ ಚೇಂಜ್' ಎಂಬ ಕಿರುಚಿತ್ರವನ್ನು ಜೊತೆಗಿದ್ದವರು 2008ರಲ್ಲಿ ಪೂರ್ಣಗೊಳಿಸಿದರು.

ಇಷ್ಟಾದರೂ ಋಣ ತೀರಿತೆಂದು ನಾನು ಹೇಳಲಾರೆ. ಇನ್ನೊಬ್ಬರ ಗಾಯದಿಂದ ಬೆಳಕು ಪಡೆದವರು ಆ ಗಾಯಕ್ಕೆ ಸದಾ ಸಾಲಗಾರರಾಗಿಯೇ ಉಳಿಯುತ್ತಾರೆ. ಚಿತ್ರ ಮಾಡಿದವರು ಮಾತ್ರವಲ್ಲ, ನೋಡಿ ಕಣ್ಣೊರೆಸಿಕೊಂಡ ನಾವೂ ಕೂಡ. ಲ್ಯಾಂಡ್ರೆತ್ ಅವರು ಕೊನೆಯ ದೃಶ್ಯದಲ್ಲಿ ತಮ್ಮನ್ನು ಬೀದಿಯ ಆಚೆ ಬದಿಯಲ್ಲಿ ನಿಲ್ಲಿಸಿಕೊಂಡದ್ದು ಈ ಸಾಲದ ಅರಿವಿನಿಂದಲೇ ಎಂದು ನನಗೆ ತೋರುತ್ತದೆ. ಕಥೆ ಹೇಳಿದ್ದರಿಂದ ಆ ಬೀದಿಯ ಅಂತರ ಇಲ್ಲವಾಗಲಿಲ್ಲ; ಅದನ್ನು ಇಲ್ಲವಾಯಿತೆಂದು ತೋರಿಸುವ ಸುಳ್ಳನ್ನು ಅವರು ಹೇಳಲೂ ಇಲ್ಲ.

ಇನ್ನೊಂದು ಚಿತ್ರ, ಇನ್ನೊಂದು ದಾರಿ

ಅದೇ 2004ರ ಉತ್ಸವದಲ್ಲಿ ಅತ್ಯುತ್ತಮ ಅನಿಮೇಷನ್ ಕಿರುಚಿತ್ರವೆಂಬ ಪ್ರಶಸ್ತಿ ಪಡೆದದ್ದು 'ಬರ್ತ್‌ಡೇ ಬಾಯ್'. ಅದನ್ನು ಮಾಡಿದವರು ಕೊರಿಯಾದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಚಲನಚಿತ್ರ ಕಲೆಯನ್ನು ಕಲಿತ ಸೆಜಾಂಗ್ ಪಾರ್ಕ್. ಕಥೆ ನಡೆಯುವುದು 1951ರ ಕೊರಿಯಾದಲ್ಲಿ, ಯುದ್ಧದ ನಡುವೆ. ಮನುಕ್ ಎಂಬ ಪುಟ್ಟ ಹುಡುಗ ಜನರಿಲ್ಲದ ಹಳ್ಳಿಯ ಬೀದಿಗಳಲ್ಲಿ ಒಬ್ಬನೇ ಯುದ್ಧದ ಆಟ ಆಡುತ್ತಾನೆ. ಮುರಿದು ಬಿದ್ದ ಯುದ್ಧಸಾಮಗ್ರಿ ಅವನ ಆಟಿಕೆ. ರೈಲುಹಳಿಯ ಮೇಲೆ ಕಬ್ಬಿಣದ ಚೂರನ್ನಿಟ್ಟು ರೈಲು ಹಾದುಹೋಗುವುದನ್ನು ಕಾಯುತ್ತಾನೆ; ಬರುವ ರೈಲು ಯುದ್ಧದ ಟ್ಯಾಂಕುಗಳನ್ನು ಹೊತ್ತಿರುತ್ತದೆ. ಮನೆಗೆ ಬಂದಾಗ ಬಾಗಿಲಲ್ಲಿ ಒಂದು ಪೊಟ್ಟಣ. ತನ್ನ ಹುಟ್ಟುಹಬ್ಬದ ಉಡುಗೊರೆಯೆಂದು ಸಂಭ್ರಮದಿಂದ ಬಿಚ್ಚುತ್ತಾನೆ. ಒಳಗಿರುವುದು ಸೈನಿಕನಾಗಿದ್ದ ತಂದೆಯ ಬೂಟುಗಳು, ಕೊರಳಲ್ಲಿ ಧರಿಸುವ ಗುರುತಿನ ಬಿಲ್ಲೆ. ಅವುಗಳನ್ನು ತೊಟ್ಟು ಹುಡುಗ ಹೆಮ್ಮೆಯಿಂದ ಆಡುತ್ತಾನೆ. ಅದರ ಅರ್ಥ ಅವನಿಗೆ ತಿಳಿಯದು. ನಮಗೆ ತಿಳಿಯುತ್ತದೆ. ತಾಯಿ ಇನ್ನೂ ಮನೆಗೆ ಬಂದಿಲ್ಲ.

ಒಂದು ಹನಿ ರಕ್ತವಿಲ್ಲ, ಒಂದು ಹೆಣವಿಲ್ಲ, ಅಳುವಿಲ್ಲ. ಸಾವು ಎಂಬ ಮಾತೇ ಇಲ್ಲ. 'ರಯಾನ್' ಎಲ್ಲವನ್ನೂ ತೆರೆದು ತೋರಿಸಿದರೆ, ಈ ಚಿತ್ರ ಮುಚ್ಚಿ ತೋರಿಸುತ್ತದೆ. ಹುಡುಗನ ಅರಿಯದ ನಗುವನ್ನು ಚಿತ್ರಕಾರರು ಕೆಡಿಸುವುದಿಲ್ಲ. ಸತ್ಯದ ಭಾರವನ್ನು ಅವನ ಹೆಗಲಿಗೆ ಹೊರಿಸದೆ ನೋಡುವವರ ಹೆಗಲಿಗೆ ಹೊರಿಸುತ್ತಾರೆ. ಹೆಚ್ಚು ತಿಳಿದವರು ಹೆಚ್ಚು ಹೊರಬೇಕು. ಒಂದು ಮನೆಯ ಹಿರಿಯರಿಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ.

ಮನುಕ್ ಕಲ್ಪಿತ ಬಾಲಕ. ಅವನ ಮಾನಕ್ಕೆ ಕುಂದು ಬರುವ ಭಯವಿಲ್ಲ. ಲಾರ್ಕಿನ್ ಅವರು ಹೆಸರು, ವಿಳಾಸ, ದನಿ ಇದ್ದ ಜೀವಂತ ಮನುಷ್ಯ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಎರಡೂ ಸೇರಿ ಒಂದು ವಿಷಯವನ್ನು ಕಲಿಸುತ್ತವೆ. ತೋರಿಸುವುದೂ ಪ್ರೀತಿಯಾಗಬಹುದು, ತೋರಿಸದೆ ಇರುವುದೂ ಪ್ರೀತಿಯಾಗಬಹುದು. ತೋರಿಸುವುದು ಕ್ರೌರ್ಯವಾಗುವಂತೆ ತೋರಿಸದೆ ಇರುವುದು ಹೇಡಿತನವೂ ಆಗಬಹುದು. ಕುಡುಕ ಗಂಡನ ಹೊಡೆತವನ್ನು 'ಮನೆಯ ಮಾನ' ಎಂಬ ವಸ್ತ್ರದಿಂದ ಮುಚ್ಚಿಡುವುದು ನೋಹನ ಮಕ್ಕಳ ಸದ್ಗುಣವಲ್ಲ. ಹೊಡೆತ ತಿನ್ನುವವಳ ರಕ್ಷಣೆಗಾಗಿ ಅದನ್ನು ಹೇಳಲೇಬೇಕು, ಹೇಳಬೇಕಾದವರಿಗೆ ಹೇಳಬೇಕು. ತಕ್ಕ ಕಾರಣ ಎಂದು ನೀತಿಬೋಧೆ ಹೇಳುವುದು ಇದನ್ನೇ.

ನಮ್ಮ ಕೈಯಲ್ಲಿರುವ ಕ್ಯಾಮೆರಾ

ಪ್ರಿಯ ವಾಚಕರೇ, ದೂರದ ಕೆನಡಾದ ಒಬ್ಬ ಕಲಾವಿದರ ಸಂಕಟ ನಮಗೇಕೆ ಎಂದು ನೀವು ಕೇಳಬಹುದು. ಒಂದು ಕಾಲದಲ್ಲಿ ಚಿತ್ರ ಮಾಡುವುದು ಕೆಲವರಿಗೆ ಮಾತ್ರ ಸಾಧ್ಯವಾಗಿತ್ತು. ಇಂದು ಪ್ರತಿ ಮನೆಯಲ್ಲಿಯೂ ಕ್ಯಾಮೆರಾ ಇದೆ. ಅದು ನಮ್ಮ ಮೊಬೈಲ್ ಫೋನಿನೊಳಗಿದೆ. ಬಸ್ ನಿಲ್ದಾಣದಲ್ಲಿ ಕುಡಿದು ಬಿದ್ದವನನ್ನು ಎಬ್ಬಿಸುವವರಿಗಿಂತ ಅವನ ವೀಡಿಯೊ ತೆಗೆಯುವವರೇ ಹೆಚ್ಚು. ಅಪಘಾತದ ಸ್ಥಳದಲ್ಲಿ ಗಾಯಾಳುವನ್ನು ಎತ್ತುವ ಕೈಗಳಿಗಿಂತ ಫೋನ್ ಎತ್ತುವ ಕೈಗಳು ಮುಂದೆ ಬರುತ್ತವೆ. ಬಡವರಿಗೆ ಒಂದು ಕಿಟ್ಟು ಅಕ್ಕಿಬೇಳೆ ಕೊಡುವಾಗಲೂ ಅವರನ್ನು ಸಾಲಾಗಿ ನಿಲ್ಲಿಸಿ ಭಾವಚಿತ್ರ ತೆಗೆಯುತ್ತೇವೆ. ನಮ್ಮ ತಲೆಗಳ ಮೇಲೆ ಬೆಳಗುವ ಪ್ರಭಾವಳಯ ಆ ಭಾವಚಿತ್ರದಲ್ಲಿ ಕಾಣುವುದಿಲ್ಲ, ಅಷ್ಟೇ.

ಕ್ಯಾಮೆರಾ ಇಲ್ಲದೆಯೂ ನಾವು ಚಿತ್ರಗಳನ್ನು ಮಾಡುತ್ತೇವೆ. ಊಟದ ಮನೆಯಲ್ಲಿ ಕುಳಿತು ನೆಂಟರೊಬ್ಬರ ಸೋಲಿನ ಕಥೆಯನ್ನು ಹೇಳುವಾಗ, ಯಾವ ಮಾತನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು, ಬೆಳಕು ಎಲ್ಲಿ ಬೀಳಬೇಕು ಎಂದು ನಾವೇ ಆರಿಸುತ್ತೇವೆ. ಕಂಪ್ಯೂಟರಿನ ಕಲಾವಿದರಂತೆ, ನಮ್ಮ ಮಾತಿನ ಚಿತ್ರದಲ್ಲಿಯೂ ಅಕಸ್ಮಾತ್ತಾಗಿ ಬಂದದ್ದು ಬಹಳ ಕಡಿಮೆ.

ಹಾಗಾಗಿ ಇನ್ನೊಬ್ಬರ ಗಾಯದ ಬಗ್ಗೆ ಬಾಯಿ ತೆರೆಯುವ ಮೊದಲು, ಅಥವಾ ಫೋನನ್ನು ಎತ್ತುವ ಮೊದಲು, ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಈ ಚಿತ್ರದಲ್ಲಿ ನನ್ನ ಮುಖವೂ ಇದೆಯೇ, ಅದರ ಮೇಲಿನ ಗಾಯಗಳೂ ಕಾಣುತ್ತಿವೆಯೇ? ಇದನ್ನು ಯಾರ ಬಗ್ಗೆ ಹೇಳುತ್ತಿದ್ದೇನೋ ಅವರ ಮುಂದೆ ನಿಂತು ಇದೇ ಮಾತನ್ನು ಇದೇ ದನಿಯಲ್ಲಿ ಹೇಳಬಲ್ಲೆನೇ? ಇದನ್ನು ಕೇಳಿದ ಮೇಲೆ ಯಾರಾದರೂ ಎದ್ದು ಆ ಮನುಷ್ಯನ ಬಳಿಗೆ ಹೋಗುತ್ತಾರೆಯೇ, ಕೊನೆಯ ಪಕ್ಷ ನಾನಾದರೂ ಹೋಗುತ್ತೇನೆಯೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ, ಹೇಳುವುದು ಎಷ್ಟೇ ಸತ್ಯವಾಗಿರಲಿ, ಮೌನವೇ ಲೇಸು. ಹೌದು ಎಂಬ ಉತ್ತರ ಬಂದರೂ ಮಾತನ್ನು ಮೆಲ್ಲಗೆ ಆಡಬೇಕು. ಏಕೆಂದರೆ ಲ್ಯಾಂಡ್ರೆತ್ ಅವರಷ್ಟು ಜಾಗರೂಕರಾಗಿದ್ದವರ ಕೈಯಲ್ಲಿಯೂ ಆ ಮುರಿದ ಮುಖದ ಯಜಮಾನರಿಗೆ ನೋವಾಗದೆ ಇರಲಿಲ್ಲ.

ಕೊನೆಗೆ ನನ್ನ ಮನಸ್ಸಿನಲ್ಲಿ ಉಳಿಯುವುದು ಲಾರ್ಕಿನ್ ಅವರ ಯೌವನದ ಆ 'ವಾಕಿಂಗ್' ಚಿತ್ರ. ಐದು ನಿಮಿಷಗಳ ಆ ಚಿತ್ರದಲ್ಲಿ ಕಥೆಯೇನೂ ಇಲ್ಲ. ಜನರು ನಡೆಯುತ್ತಾರೆ, ಅಷ್ಟೇ. ಒಬ್ಬರು ತಲೆಯೆತ್ತಿ, ಒಬ್ಬರು ಬೆನ್ನು ಬಾಗಿಸಿ, ಒಬ್ಬರು ಕುಣಿಯುತ್ತ. ಪ್ರತಿಯೊಬ್ಬರ ಹೆಜ್ಜೆಯೂ ಬೇರೆ ಎಂಬುದನ್ನು ಒಬ್ಬ ಯುವಕ ಎಷ್ಟು ಶ್ರದ್ಧೆಯಿಂದ, ಎಷ್ಟು ಅಕ್ಕರೆಯಿಂದ ನೋಡಿದ್ದಾನೆ ಎಂಬುದು ಪ್ರತಿ ಗೆರೆಯಲ್ಲಿಯೂ ಕಾಣುತ್ತದೆ. ಬೀದಿಯಲ್ಲಿ ನಡೆಯುವ ಅಪರಿಚಿತರನ್ನು ಹಾಗೆ ನೋಡಿದ ಅದೇ ಮನುಷ್ಯ ಮೂರು ದಶಕಗಳ ಬಳಿಕ ಬೀದಿಯಲ್ಲಿ ನಿಂತಾಗ, ಅವರ ಮುಂದೆ ನಡೆದುಹೋದ ಎಷ್ಟು ಮಂದಿ ಅವರನ್ನು ಹಾಗೆ ನೋಡಿದರು?

ನಾಳೆ ನಮ್ಮ ಬೀದಿಯಲ್ಲಿಯೂ ಯಾರೋ ಒಬ್ಬರು ತಡವರಿಸುತ್ತ ನಡೆದುಹೋಗುತ್ತಾರೆ. ಅವರ ಹೆಸರು ನಮಗೆ ಗೊತ್ತಿದ್ದರೆ, ಆ ಹೆಸರು ಹಿಡಿದು ಕರೆದು, ಒಂದು ಗಳಿಗೆ ಅವರ ಜೊತೆ ನಿಲ್ಲೋಣ.